ಬ್ಯಾಟರ್ಸೀ ವಿದ್ಯುತ್ ಕೇಂದ್ರ: ನದಿಯ ಕಡೆಯಿಂದ ನೋಡಬೇಕಾದ ಕಟ್ಟಡ

ಲಂಡನ್ನಿನ ಬ್ಯಾಟರ್ಸೀ ವಿದ್ಯುತ್ ಕೇಂದ್ರವು 2022ರ ಅಕ್ಟೋಬರ್‌ನಿಂದ ಅಂಗಡಿ, ಕಚೇರಿ, ಹೋಟೆಲುಗಳ ಸಂಕೀರ್ಣವಾಗಿ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿಗೆ ಹೋಗುವವರು ಒಳಗೆ ಕಾಲಿಡುವ ಮುನ್ನ ಥೇಮ್ಸ್ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ವಿನಂತಿ. ಈಶಾನ್ಯ ಇಂಗ್ಲೆಂಡಿನಿಂದ ಕಲ್ಲಿದ್ದಲು ಹೊತ್ತ ಹಡಗುಗಳು ಬರುತ್ತಿದ್ದುದು ಈ ನದಿಯ ಮೇಲೆ. ಟರ್ಬೈನ್ ತಿರುಗಿಸಿದ ಉಗಿಯನ್ನು ತಣಿಸುತ್ತಿದ್ದುದು ಇದೇ ನೀರು. ಊರಿನ ನಡುವೆ ಹೊಗೆ ಕವಿದೀತೆಂಬ ವಿರೋಧ ಎದ್ದಾಗ, ಹೊಗೆಯಲ್ಲಿನ ಗಂಧಕವನ್ನು ನೀರಿನಿಂದ ತೊಳೆಯುವ ವ್ಯವಸ್ಥೆಯನ್ನು ಇಲ್ಲಿ ಅಳವಡಿಸಲಾಯಿತು. ಆದರೆ ತೊಳೆದ ನೀರು ಮರಳಿ ಸೇರುತ್ತಿದ್ದುದೂ ಥೇಮ್ಸ್‌ಗೇ ಎಂಬುದನ್ನು ಮರೆಯಬಾರದು.

ಹೊರಗಿನಿಂದ ಒಂದೇ ಎನಿಸುವ ಈ ಕಟ್ಟಡ ವಾಸ್ತವವಾಗಿ ಎರಡು ಕೇಂದ್ರಗಳ ಜೋಡಿ. 1929ರಲ್ಲಿ ಆರಂಭವಾದ ‘ಎ’ ಕೇಂದ್ರ 1933ರಲ್ಲಿ ವಿದ್ಯುತ್ ನೀಡತೊಡಗಿತು. ಮಹಾಯುದ್ಧದಿಂದಾಗಿ ವಿಳಂಬವಾದ ‘ಬಿ’ ಕೇಂದ್ರ ಪೂರ್ಣಗೊಂಡದ್ದು 1955ರಲ್ಲಿ. ಹೀಗಾಗಿ ಜಗತ್ತೇ ಗುರುತಿಸುವ ನಾಲ್ಕು ಚಿಮಣಿಗಳಲ್ಲಿ ಎರಡು ಮಾತ್ರ ಮೊದಲು ಇದ್ದವು. ಹೊರಮೈಯ ಇಟ್ಟಿಗೆಯ ಗಾಂಭೀರ್ಯ ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರದು. ಒಳಗಿನ ಎರಡು ಟರ್ಬೈನ್ ಹಾಲ್‌ಗಳನ್ನು ಒಂದರ ಹಿಂದೊಂದು ನೋಡಿದರೆ ಕಾಲದ ಅಂತರ ಕಣ್ಣಿಗೆ ಕಟ್ಟುತ್ತದೆ: ‘ಎ’ ಹಾಲ್‌ನ ಗೋಡೆಗಂಬಗಳ ಮೇಲೆ ಉದ್ದುದ್ದ ಗೀರುಗಳ ಅಲಂಕಾರವಿದೆ, ‘ಬಿ’ ಹಾಲ್ ಯುದ್ಧಾನಂತರದ ಮಿತವ್ಯಯದಂತೆ ಸರಳವಾಗಿದೆ. ನನ್ನ ಮಟ್ಟಿಗೆ ಇಲ್ಲಿನ ಯಾವ ಮಳಿಗೆಗಿಂತಲೂ ಈ ಹೋಲಿಕೆಯೇ ಹೆಚ್ಚು ಬೆಲೆಬಾಳುವಂಥದ್ದು.

1975ರಲ್ಲಿ ‘ಎ’, 1983ರಲ್ಲಿ ‘ಬಿ’ ಸ್ಥಗಿತಗೊಂಡವು. ಆ ಬಳಿಕ ಮನೋರಂಜನಾ ಉದ್ಯಾನ ಸೇರಿದಂತೆ ಹಲವು ಯೋಜನೆಗಳು ಅರ್ಧಕ್ಕೇ ನಿಂತು, ಕಟ್ಟಡ ದಶಕಗಳ ಕಾಲ ಸೂರಿಲ್ಲದೆ ಮಳೆಗೆ ನೆನೆಯಿತು. ಈಗಿನ ಚಿಮಣಿಗಳೂ ಮೂಲದವಲ್ಲ. ಹಳೆಯವನ್ನು ಕೆಡವಿ, ಅದೇ ಆಕಾರದಲ್ಲಿ ಮತ್ತೆ ಕಟ್ಟಲಾಗಿದೆ. ಅದು ಕೊರತೆಯೆಂದು ನನಗನಿಸುವುದಿಲ್ಲ, ಆದರೆ ನೋಡುವವರಿಗೆ ತಿಳಿದಿರಬೇಕು.

ವಾಯವ್ಯದ ಚಿಮಣಿಯೊಳಗಿನ ಗಾಜಿನ ಲಿಫ್ಟ್ 109 ಮೀಟರ್ ಎತ್ತರಕ್ಕೆ ಏರಿ, ಕತ್ತಲಿನಿಂದ ಒಮ್ಮೆಲೇ ಬೆಳಕಿಗೆ ಬರುತ್ತದೆ. ಆಗ ಎದುರು ದಂಡೆಯ ಪಿಮ್ಲಿಕೋದತ್ತ ನೋಡಿ. 1950ರ ದಶಕದಲ್ಲಿ ಈ ಕೇಂದ್ರದಲ್ಲಿ ವ್ಯರ್ಥವಾಗುತ್ತಿದ್ದ ಶಾಖವನ್ನು ನದಿಯಡಿಯ ಕೊಳವೆಗಳಲ್ಲಿ ಅಲ್ಲಿನ ಮನೆಗಳಿಗೆ ಒಯ್ಯುತ್ತಿದ್ದರು. ಆ ಬಿಸಿನೀರನ್ನು ಕೂಡಿಡುತ್ತಿದ್ದ ಗೋಪುರ ಇಂದಿಗೂ ಅಲ್ಲೇ ನಿಂತಿದೆ.