ಬಾಟಲಿ ಬಗ್ಗೆ ಮೆಚ್ಚುಗೆ, ರೀಫಿಲ್ ಪೌಚ್ ಬಗ್ಗೆ ತಕರಾರು

ಪೂರ್ತಿಯಾಗಿ ಮರುಸಂಸ್ಕರಿಸಿದ ಪ್ಲಾಸ್ಟಿಕ್‌ನಿಂದಲೇ ಮಾಡಿದ್ದೆಂದು ಹೇಳಿಕೊಳ್ಳುವ ಬಾಟಲಿ, ಅದು ಖಾಲಿಯಾದಾಗ ತುಂಬಿಕೊಳ್ಳಲು ಒಂದು ರೀಫಿಲ್ ಪೌಚ್, ಹೀಗೆ ಜೋಡಿಯಾಗಿ ಮಾರಾಟವಾಗುವ ಹ್ಯಾಂಡ್‌ವಾಶ್ ಒಂದನ್ನು ಕೆಲವು ತಿಂಗಳುಗಳಿಂದ ಬಳಸುತ್ತಿದ್ದೇನೆ. ದ್ರವದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೊರೆ ಬೇಕಾದಷ್ಟು ಬರುತ್ತದೆ, ಪರಿಮಳ ಹಿತವಾಗಿದೆ, ಕೈ ಒಣಗುವುದಿಲ್ಲ. ಆದರೆ ಕಂಪನಿಯು ಇದನ್ನು ಪರಿಸರಸ್ನೇಹಿ ಎಂಬ ಹೆಸರಿನಲ್ಲಿ ಮಾರುತ್ತಿರುವುದರಿಂದ ಒರೆಗೆ ಹಚ್ಚಬೇಕಾದದ್ದು ಪ್ಯಾಕಿಂಗನ್ನೇ.

ಬಾಟಲಿಯ ತಳದಲ್ಲಿ ಬಾಣಗಳ ತ್ರಿಕೋನದೊಳಗೆ 1 ಎಂದಿದೆ, ಅಂದರೆ ಇದು ನೀರಿನ ಬಾಟಲಿಗಳಿಗೆ ಬಳಸುವ ಪೆಟ್ (PET) ಪ್ಲಾಸ್ಟಿಕ್. ಆ ಅಂಕಿ ಪ್ಲಾಸ್ಟಿಕ್ಕಿನ ಬಗೆಯನ್ನಷ್ಟೇ ತಿಳಿಸುತ್ತದೆ, ಮರುಸಂಸ್ಕರಣೆ ಆಗಿಯೇ ತೀರುತ್ತದೆಂಬ ಖಾತರಿಯನ್ನು ಕೊಡುವುದಿಲ್ಲ. ಬಾಟಲಿ ತುಸು ಮಸುಕಾಗಿದೆ. ಕರಗಿಸಿದಾಗಲೆಲ್ಲ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ತುಂಡಾಗಿ ಬಣ್ಣವೂ ಗಟ್ಟಿತನವೂ ಕುಂದುವುದರಿಂದ ಇದನ್ನು ದೋಷವೆನ್ನಲಾರೆ. ಲೇಬಲ್ ಅಂಟು ಉಳಿಯದಂತೆ ಬಿಟ್ಟುಬರುತ್ತದೆ, ಅದು ನಿಜಕ್ಕೂ ಮೆಚ್ಚತಕ್ಕದ್ದು.

ಪಂಪನ್ನು ಬಿಚ್ಚಿ ನೋಡಿದರೆ ಕಥೆ ಬೇರೆ. ಮೇಲ್ಭಾಗ ಒಂದು ಬಗೆಯ ಪ್ಲಾಸ್ಟಿಕ್, ಒಳಗಿನ ಕೊಳವೆ ಇನ್ನೊಂದು ಬಗೆ, ನಡುವೆ ಉಕ್ಕಿನ ಸ್ಪ್ರಿಂಗ್, ಅದರ ಕೆಳಗೆ ಪುಟ್ಟ ಗಾಜಿನ ಗುಂಡು. ಇವನ್ನು ಬೇರ್ಪಡಿಸಲು ನನಗೆ ಇಕ್ಕಳವೇ ಬೇಕಾಯಿತು. ರಾಶಿ ರಾಶಿ ಕಸ ವಿಂಗಡಿಸುವವರಿಗೆ ಅಷ್ಟು ವ್ಯವಧಾನವೆಲ್ಲಿ? ಲೋಹವಿಲ್ಲದ, ಒಂದೇ ಬಗೆಯ ಪ್ಲಾಸ್ಟಿಕ್‌ನ ಪಂಪುಗಳು ಈಗಾಗಲೇ ಮಾರುಕಟ್ಟೆಯಲ್ಲಿರುವಾಗ ಈ ಕಂಪನಿ ಹಳೆಯದಕ್ಕೇ ಅಂಟಿಕೊಂಡಿರುವುದು ಸರಿಯಲ್ಲ.

ನನ್ನ ಮುಖ್ಯ ತಕರಾರು ಪೌಚ್‌ನದು. ತೂಕದಲ್ಲಿ ಅದು ಬಾಟಲಿಗಿಂತ ಬಹಳ ಹಗುರ, ಆದ್ದರಿಂದ ಬಳಸುವ ಪ್ಲಾಸ್ಟಿಕ್ ಕಡಿಮೆಯೆಂಬ ಮಾತು ಸುಳ್ಳಲ್ಲ. ಆದರೆ ಕತ್ತರಿಸಿದ ಅಂಚನ್ನು ಉಗುರಿನಿಂದ ಕೆರೆದಾಗ ಹೊರಗೆ ಮುದ್ರಿತ ಪೆಟ್ ಹಾಳೆ, ನಡುವೆ ಅಲ್ಯೂಮಿನಿಯಂ, ಒಳಗೆ ಪಾಲಿಎಥಿಲೀನ್ (ಕ್ಯಾರಿಬ್ಯಾಗ್‌ಗಳಲ್ಲಿ ಬಳಸುವ ಪ್ಲಾಸ್ಟಿಕ್) ಪದರಗಳು ಕಂಡವು. ಪಾಲಿಎಥಿಲೀನ್ ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಪೆಟ್ ಕರಗಲು ಸುಮಾರು 250 ಡಿಗ್ರಿ ಬೇಕು; ಒಟ್ಟಿಗೆ ಅಂಟಿಸಿದ ಇವೆರಡನ್ನು ಸಾಮಾನ್ಯ ಘಟಕಗಳಲ್ಲಿ ಬೇರ್ಪಡಿಸಲಾಗದು, ಬೇರ್ಪಡಿಸದೆ ಕರಗಿಸಿದರೆ ಒಳ್ಳೆಯ ಸರಕು ಹುಟ್ಟದು. ಹಾಗಾಗಿ ಇಂಥ ಪೌಚ್‌ಗೆ ಗುಜರಿಯಲ್ಲಿ ಬೆಲೆಯಿಲ್ಲ. ಹೀಗಿದ್ದೂ ಅದರ ಬೆನ್ನಿಗೆ ಮರುಸಂಸ್ಕರಣೆಯ ಬಾಣಗಳನ್ನು ದೊಡ್ಡದಾಗಿ ಮುದ್ರಿಸಲಾಗಿದೆ. 2015ರವರೆಗೆ ಜಗತ್ತಿನಲ್ಲಿ ಉಂಟಾದ ಒಟ್ಟು ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಸಂಸ್ಕರಣೆಗೊಂಡದ್ದು ಸುಮಾರು ಶೇ. 9 ಮಾತ್ರ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಇಂಥ ಪೌಚ್‌ಗಳು ಆ ಪ್ರಮಾಣವನ್ನು ಮೇಲೆತ್ತಲಾರವು.

ಕೊಳ್ಳಬಯಸುವವರು ಬಾಟಲಿಯನ್ನು ಒಮ್ಮೆ ಕೊಂಡು, ಪಂಪ್ ಕೆಡುವವರೆಗೂ ಅದನ್ನೇ ತುಂಬಿಸಿಕೊಳ್ಳುವುದು ಒಳ್ಳೆಯದು. ತುಂಬಲು ಪೌಚ್‌ಗಿಂತ ಒಂದೇ ಪದರದ ದೊಡ್ಡ ಕ್ಯಾನ್ ಮೇಲು. (ಕಾಗದದಲ್ಲಿ ಸುತ್ತಿದ ಸೋಪೇ ಸಾಕು ಎನ್ನುವವರೊಂದಿಗೆ ವಾದಿಸಲು ನನ್ನ ಬಳಿ ಏನೂ ಇಲ್ಲ.) ಐದಕ್ಕೆ ಮೂರು ಅಂಕ. ಪೌಚ್‌ನ ಮೇಲಿನ ಆ ಬಾಣಗಳನ್ನು ತೆಗೆದರೆ ಇನ್ನರ್ಧ ಅಂಕ ಕೊಡಲು ನನ್ನ ಅಡ್ಡಿಯಿಲ್ಲ.