ಇಸಬಿನ ಮೇಲೆ ಒಂದೇ ನಮೂನಿ ಗುಳ್ಳೆ ಎದ್ದರೆ ಟ್ಯೂಬಿಗೆ ಕೈ ಹಾಕಬೇಡಿ

ಕೆಡುವುದು ಬಹಳ ಸಲ ಹೀಗೆ. ಹಳೇ ಇಸಬಿರುವ ಕೂಸಿನ ಗಲ್ಲ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ‘ಇಸಬು ಮತ್ತ ಜೋರಾಗೇತಿ’ ಎಂದು ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಟ್ಯೂಬನ್ನೇ ದಪ್ಪಗೆ ಹಚ್ಚುತ್ತಾರೆ. ಜ್ವರ ಬಂದರೆ ‘ಅಮ್ಮ ಬಂದಾಳ’ ಎಂದು ಬೇವಿನ ತಪ್ಪಲು ಹಾಸಿ ಮಲಗಿಸುತ್ತಾರೆ, ದವಾಖಾನಿ ಮಾತೇ ಎತ್ತುವುದಿಲ್ಲ. ಔಷಧ ಚೆನ್ನಾಗಿ ಹಿಡಿಯುವ ಮೊದಲ ದಿನಗಳು ಹಾಗೇ ಕಳೆದುಹೋಗುತ್ತವೆ.

ಇದು ಎಕ್ಸಿಮಾ ಹರ್ಪೆಟಿಕಮ್ ಇರಬಹುದು. ತುಟಿಯಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸೇ ಇಸಬಿನಿಂದ ಬಿರುಕುಬಿಟ್ಟ ಚರ್ಮಕ್ಕೆ ಇಳಿದು ಹರಡುತ್ತದೆ. ತುಟಿ ಗುಳ್ಳೆಯವರು ಕೂಸಿಗೆ ಮುತ್ತು ಕೊಟ್ಟರೂ ಸಾಕು. ಸಾಮಾನ್ಯವಾಗಿ 5ರಿಂದ 12 ದಿನಕ್ಕೆ ಕಾಣಿಸಿಕೊಳ್ಳುತ್ತದೆ. ದೊಡ್ಡವರಿಗೂ ಬರುತ್ತದೆ.

ನೋಡಬೇಕಾದದ್ದು ಗುಳ್ಳೆಗಳ ಏಕರೂಪ: 1ರಿಂದ 3 ಮಿಲಿಮೀಟರ್, ಗುಂಪುಗುಂಪು, ಕೆಲವಕ್ಕೆ ನಡುವೆ ತಗ್ಗು. ಒಡೆದ ಮೇಲೆ ಪಂಚಿಂಗ್ ಮಷಿನ್ನಿನಿಂದ ಹೊಡೆದಂತೆ ದುಂಡನೆಯ ಹುಣ್ಣು ಉಳಿಯುತ್ತದೆ. ಇಸಬು ತುರಿಸುತ್ತದೆ, ಇದು ನೋಯುತ್ತದೆ; ಕೂಸು ಮುಟ್ಟಗೊಡುವುದಿಲ್ಲ. ಚಿಕನ್‌ಪಾಕ್ಸ್‌ನಲ್ಲಿ ಹೊಸ ಗುಳ್ಳೆ, ಒಣಗಿದ ಹಕ್ಕಳೆ ಎಲ್ಲ ಬೆರೆತು ಎದೆ, ಬೆನ್ನ ಮೇಲೆ ಹೆಚ್ಚಿರುತ್ತವೆ. ಜೇನಿನ ಬಣ್ಣದ ಹಕ್ಕಳೆ ಬ್ಯಾಕ್ಟೀರಿಯಾದ ಗುರುತು ನಿಜ, ಆದರೆ ಎರಡೂ ಒಟ್ಟಿಗೆ ಬರುವುದುಂಟು. ಬರೀ ಆ್ಯಂಟಿಬಯೋಟಿಕ್ ಕೊಟ್ಟು ಸುಮ್ಮನಾದರೆ ವೈರಸ್ ಹಬ್ಬುತ್ತಲೇ ಇರುತ್ತದೆ.

ಅನುಮಾನ ಬಂದ ದಿನವೇ ಹೊರಡಿ. ಗದಗ, ಹಾವೇರಿ ಕಡೆಯವರು ಸೋಮವಾರದ ಒಪಿಡಿಗೆ ಕಾಯದೆ ಜಿಲ್ಲೆಯ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಲಿ. ಹುಬ್ಬಳ್ಳಿಯಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ. ಔಷಧ ಅಸೈಕ್ಲೋವಿರ್, ಈ ವೈರಸ್ಸನ್ನು ತಡೆಯುವಂಥದ್ದು. ಹುಣ್ಣಿನ ದ್ರವದ ಪರೀಕ್ಷೆಗೆ ಕಳಿಸಿದರೂ ವರದಿಗೆ ಕಾಯದೆ ಶುರುಮಾಡಬೇಕು. ಪ್ರಮಾಣ ವಯಸ್ಸು, ತೂಕ, ಮೂತ್ರಪಿಂಡ ನೋಡಿ ವೈದ್ಯರು ಹೇಳಬೇಕಾದದ್ದು. ಎಳೆಗೂಸು, ಜೋರು ಜ್ವರ, ಮೈತುಂಬ ಹರಡಿದ್ದು, ಇವಕ್ಕೆ ಭರ್ತಿ ಮಾಡಿ ರಕ್ತನಾಳಕ್ಕೇ ಏರಿಸುತ್ತಾರೆ.

ಕಣ್ಣಿನ ಸುತ್ತ ಅಥವಾ ಮೂಗಿನ ತುದಿಗೆ ಎದ್ದಿದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೂ ತೋರಿಸಿ. ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೆ) ಕಲೆ ಬಿದ್ದರೆ ದೃಷ್ಟಿ ಮರಳುವುದು ಕಷ್ಟ.

ವೈದ್ಯರು ನೋಡುವತನಕ ಗುಳ್ಳೆಯ ಮೇಲೆ ಸ್ಟಿರಾಯ್ಡ್ ಬೇಡ, ಇಸಬಿಗೆ ಹಚ್ಚುವ ಇನ್ನೊಂದು ಮುಲಾಮು ಟ್ಯಾಕ್ರೋಲಿಮಸ್ಸೂ ಬೇಡ. (ಬಹಳ ದಿನದಿಂದ ಸ್ಟಿರಾಯ್ಡ್ ಗುಳಿಗೆ ನುಂಗುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸಬಾರದು, ಅದು ಬೇರೆ ಅಪಾಯ.) ಗುಳ್ಳೆ ಚುಚ್ಚಬೇಡಿ, ಟವೆಲ್ ಬೇರೆ ಇಡಿ. ಹಚ್ಚಿದ ಟ್ಯೂಬು, ಮೊದಲ ದಿನ ಮೊಬೈಲಿನಲ್ಲಿ ತೆಗೆದ ಫೋಟೊ ಎರಡನ್ನೂ ಜೊತೆಗೆ ಒಯ್ಯಿರಿ.