ಹುಣಸಗಿ ಕಣಿವೆಯ ಶಿಲಾಯುಗಕ್ಕೆ ಯಾವ ಡೇಟಾ ಒಳ್ಳೇದು?

ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೆಲೆಗಳು 200ಕ್ಕೂ ಹೆಚ್ಚಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ಜೊತೆಗಾರರು 1970ರ ದಶಕದಿಂದ ಹೊಲ ಹೊಲ ತಿರುಗಿ ಗುರುತಿಸಿದವು ಇವು. ಇಸಾಂಪುರದಲ್ಲಂತೂ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಕೂತು ಕೈಗೊಡಲಿ ಕೆತ್ತಿದ ಜಾಗವೇ ಸಿಕ್ಕಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಲೆಕ್ಕ ಹಾಕಿದ ಕಾಲ ಸುಮಾರು 12 ಲಕ್ಷ ವರ್ಷ.

ಈ ನೆಲೆಗಳನ್ನು ಜಿಐಎಸ್‌ನಲ್ಲಿ, ಅಂದರೆ ಕಂಪ್ಯೂಟರ್ ನಕ್ಷೆಯಲ್ಲಿ ಕೂರಿಸಿ, ನೀರು ಎಷ್ಟು ದೂರ, ಒಳ್ಳೆ ಕಲ್ಲು ಎಷ್ಟು ದೂರ ಅಂತ ನೋಡುವ ಆಸೆ ನನಗೆ. ಅದಕ್ಕಾಗಿ ಪುಕ್ಕಟೆ ಸಿಗುವುದನ್ನೂ ದುಡ್ಡಿನದನ್ನೂ ಬಳಸಿ ನೋಡಿದ್ದೇನೆ.

ನಕ್ಷೆ ಮಾಡಲು ದುಡ್ಡಿನ ಆರ್ಕ್‌ಜಿಐಎಸ್ಸಾ ಪುಕ್ಕಟೆ ಸಿಗುವ ಕ್ಯೂಜಿಐಎಸ್ಸಾ ಅನ್ನುವ ಪ್ರಶ್ನೆಯನ್ನು ಬೇಗ ಮುಗಿಸಿಬಿಡುತ್ತೇನೆ. ಲೈಸೆನ್ಸ್ ಇದ್ದರೆ ಆರ್ಕ್‌ಜಿಐಎಸ್‌ನಲ್ಲಿ ನಕ್ಷೆ ಚೆಂದ ಬರುತ್ತದೆ. ಉಳಿದದ್ದೆಲ್ಲ ಕ್ಯೂಜಿಐಎಸ್‌ನಲ್ಲೇ ಆಗುತ್ತದೆ. ನಡೆಯುವ ಶ್ರಮದ ಲೆಕ್ಕಕ್ಕೆ ಗ್ರಾಸ್ ಅನ್ನುವ ಇನ್ನೊಂದು ಪುಕ್ಕಟೆ ತಂತ್ರಾಂಶದ ಆರ್.ವಾಕ್ ಸಾಧನ ನನಗೆ ಜಾಸ್ತಿ ಹಿಡಿಸಿತು. ಹತ್ತುವುದಕ್ಕೂ ಇಳಿಯುವುದಕ್ಕೂ ಬೇರೆ ಬೇರೆ ಲೆಕ್ಕ ಹಿಡಿಯುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಎತ್ತರದ ಡೇಟಾದಲ್ಲಿ. ನಾನು ಮೂರನ್ನು ಹೋಲಿಸಿದೆ: 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಅಳೆದ ಎಸ್‌ಆರ್‌ಟಿಎಂ, ನಮ್ಮ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಮಾಡಿದ ಕಾರ್ಟೋಡೆಮ್, ಯುರೋಪಿನವರ ಕೋಪರ್ನಿಕಸ್. ಮೂರರಲ್ಲೂ ಒಂದು ಚೌಕ ಅಂದರೆ ನೆಲದ ಮೇಲೆ ಹತ್ತಿರ ಹತ್ತಿರ 30 ಮೀಟರ್.

ಎಸ್‌ಆರ್‌ಟಿಎಂ ಗುಡ್ಡದ ಅಂಚಿನಲ್ಲಿ ಚೆನ್ನಾಗಿದೆ. ಕಣಿವೆಯ ತಳಕ್ಕೆ ಬಂದರೆ ಸೋಲುತ್ತದೆ. ಅದರಲ್ಲಿ ಎತ್ತರ ಪೂರ್ಣ ಮೀಟರಿನಲ್ಲೇ ಇರುತ್ತದೆ, 412 ಆದ ಮೇಲೆ 413, ನಡುವೆ ಏನೂ ಇಲ್ಲ. ಎರೆ ಹೊಲಗಳು ಹೆಚ್ಚುಕಮ್ಮಿ ಸಮತಟ್ಟು, ಹಾಗಾಗಿ ನೆಲವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದರ ಮೇಲೆ ಕಂಪ್ಯೂಟರಿನಲ್ಲಿ ನೀರು ಹರಿಸಿದರೆ ಹಳ್ಳಗಳು ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿ, ಒಂದರ ಪಕ್ಕ ಒಂದು ಬರುತ್ತವೆ. ಅಂಥ ಹಳ್ಳ ಹುಣಸಗಿಯಲ್ಲಿ ಎಲ್ಲೂ ಇಲ್ಲ.

ಕೋಪರ್ನಿಕಸ್‌ನಲ್ಲಿ ದಶಾಂಶ ಇದೆ. ನೆಲ ನುಣುಪಾಗಿ ಬರುತ್ತದೆ, ಹಳ್ಳದ ತಿರುವುಗಳೂ ನಂಬುವಂತಿವೆ. ಆದರೆ ಅಷ್ಟು ಚುರುಕಾಗಿರುವುದೇ ಇಲ್ಲಿ ತೊಂದರೆ. ನಾರಾಯಣಪುರ ಎಡದಂಡೆ ಕಾಲುವೆಯ ಏರಿಯನ್ನೂ ಅದು ಹಿಡಿಯುತ್ತದೆ, ನೀರು ಏರಿಗೆ ಬಡಿದು ಅದರ ಗುಂಟ ಓಡುತ್ತದೆ. 12 ಲಕ್ಷ ವರ್ಷದ ಹಿಂದಿನ ನೀರು ಹುಡುಕಲು ಹೋದವನ ಕೈಗೆ ನೀರಾವರಿ ಇಲಾಖೆಯ ನಕ್ಷೆ! ಏರಿ ಅಡ್ಡ ಬಂದಲ್ಲೆಲ್ಲ ಡೇಟಾದಲ್ಲಿ ಕೈಯಾರೆ ಕಡಿದು ದಾರಿ ಮಾಡಿಕೊಡಬೇಕು. ಬೇಜಾರಿನ ಕೆಲಸ, ಆದರೂ ಮೂರರಲ್ಲಿ ನನ್ನ ಆಯ್ಕೆ ಇದೇ.

ಕಾರ್ಟೋಡೆಮ್ ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುತ್ತದೆ. ನಮ್ಮದು ಅನ್ನುವ ಅಭಿಮಾನ ಇದ್ದರೂ ಎಚ್ಚರ ಬೇಕು. ಅದರ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಭೂಮಿಯ ಗಣಿತದ ಆಕಾರದಿಂದ ಅಳೆದದ್ದು. ನಮ್ಮ ಕಡೆ ಈ ಎರಡರ ನಡುವೆ 70–80 ಮೀಟರ್ ಅಂತರ ಇದೆ. ಎಸ್‌ಆರ್‌ಟಿಎಂ ಪಕ್ಕ ಇಟ್ಟರೆ ಇಡೀ ಕಣಿವೆ ಕುಸಿದಂತೆ ಕಾಣುತ್ತದೆ. ಒಂದನ್ನೇ ಬಳಸಿ ಇಳಿಜಾರು ನೋಡುವುದಾದರೆ ಚಿಂತೆಯಿಲ್ಲ. ಎರಡನ್ನು ಬೆರೆಸಬೇಡಿ ಅಷ್ಟೇ.

ಆದರೆ ಹಳ್ಳದ ಗೆರೆ ಎಷ್ಟೇ ಸರಿಯಾಗಿ ಬಂದರೂ ಈ ಕಣಿವೆಗೆ ಅದು ಸಾಲದು. ಬೇಸಿಗೆಯಲ್ಲಿ ಜನ ಬತ್ತದ ಒರತೆಗಳ ಹತ್ತಿರ ಸೇರುತ್ತಿದ್ದರು, ಮಳೆಗಾಲದಲ್ಲಿ ಚದುರುತ್ತಿದ್ದರು ಅನ್ನುವುದು ಪದ್ದಯ್ಯನವರ ವಾದ. ಒರತೆ ಯಾವ ಎತ್ತರದ ಡೇಟಾದಲ್ಲೂ ಕಾಣುವುದಿಲ್ಲ. ಒರತೆ ನೀರು ಬಿಟ್ಟುಹೋದ ಸುಣ್ಣದ ಪದರಗಳನ್ನು ನೆಲದ ಮೇಲೆ ಗುರುತಿಸಿ, ಬಿಂದುಗಳಾಗಿ ಸೇರಿಸಬೇಕು. ಹಳ್ಳದಿಂದ ಅಳೆದಾಗ ಎಲ್ಲ ನೆಲೆಯೂ ನೀರಿಗೆ ಹತ್ತಿರವೇ ಅಂತ ಬಂತು, ಅಂದರೆ ಏನೂ ಗೊತ್ತಾಗಲಿಲ್ಲ. ಒರತೆಯಿಂದ ಅಳೆದ ಮೇಲೆ ನೆಲೆ ನೆಲೆಗೆ ವ್ಯತ್ಯಾಸ ಕಂಡಿತು.

ಮೇಲಿನಿಂದ ತೆಗೆದ ಚಿತ್ರಗಳ ವಿಷಯದಲ್ಲಿ ನನ್ನ ಮತ ಪೂರ್ತಿ ಒಂದೇ ಕಡೆ. ಗೂಗಲ್ ಅರ್ಥ್ ಬಣ್ಣದಲ್ಲಿದೆ, ಸ್ಪಷ್ಟವಾಗಿದೆ, ದಾರಿ ಹುಡುಕಲು ಅದೇ ಸಾಕು. ಆದರೆ ಅದು ತೋರಿಸುವುದು ಕಾಲುವೆ ಬಂದ ಮೇಲಿನ ಭತ್ತದ ಗದ್ದೆಗಳನ್ನು, ಸಮ ಮಾಡಿದ ನೆಲವನ್ನು. ಅಮೆರಿಕದ ಕೊರೋನಾ ಗೂಢಚಾರ ಉಪಗ್ರಹದ ಚಿತ್ರಗಳು 1960ರಿಂದ 1972ರವರೆಗಿನವು, 1995ರಲ್ಲಿ ಬಹಿರಂಗವಾದವು. ನಾರಾಯಣಪುರ ಅಣೆಕಟ್ಟು ಮುಗಿದದ್ದು 1980ರ ದಶಕದಲ್ಲಿ, ಹಾಗಾಗಿ ಇವುಗಳಲ್ಲಿ ಕಾಲುವೆಯೇ ಇಲ್ಲ. ಕಪ್ಪುಬಿಳುಪಿನಲ್ಲಿ ಎರೆ ಮಣ್ಣು ಗಾಢವಾಗಿ, ಸುಣ್ಣಕಲ್ಲಿನ ಬಂಡೆ ಬೆಳ್ಳಗೆ ಕಾಣುತ್ತದೆ. ಕಲ್ಲು ಎಲ್ಲಿ ಮೇಲೆದ್ದಿತ್ತು ಅಂತ ನೋಡಲು ಇದಕ್ಕಿಂತ ಒಳ್ಳೆ ಸಾಧನ ನನಗೆ ಸಿಕ್ಕಿಲ್ಲ.

ಕಷ್ಟ ಇರುವುದು ಇವನ್ನು ಇಂದಿನ ನಕ್ಷೆಗೆ ಜೋಡಿಸುವಲ್ಲಿ. ಒಂದೊಂದು ಚಿತ್ರವೂ ಉದ್ದನೆಯ ಪಟ್ಟಿ, ತುದಿಗಳಲ್ಲಿ ಎಳೆದಂತೆ ಸೊಟ್ಟ. ಹಳೆ ಗುಡಿ, ಕೆರೆ ಏರಿ, ದಾರಿ ಕೂಡುವ ಜಾಗ ಹೀಗೆ ಇಂದಿಗೂ ಕದಲದ್ದನ್ನು ಹುಡುಕಿ ಬಿಂದು ಕೊಡಬೇಕು. ಪಟ್ಟಿಯ ನಡುಭಾಗದಲ್ಲಿ ನಿಮ್ಮ ಊರು ಬಂದಿದ್ದರೆ ಅದೃಷ್ಟ.

ನೆಲೆಗಳ ದಟ್ಟಣೆ ತೋರಿಸುವ ಕೆಂಪು-ಹಳದಿ ನಕ್ಷೆಯನ್ನೂ ಮಾಡಿ ನೋಡಿದೆ. ನೋಡೋಕೆ ಚೆಂದ. ಆದರೆ ಆದಿಮಾನವರು ಎಲ್ಲಿದ್ದರು ಅನ್ನುವುದಕ್ಕಿಂತ ಸಂಶೋಧಕರು ಎಲ್ಲಿ ಜಾಸ್ತಿ ನಡೆದರು ಅನ್ನುವುದನ್ನೇ ಅದು ತೋರಿಸುತ್ತದೆ, ಅಲ್ವಾ? ಬಿಟ್ಟುಬಿಟ್ಟೆ.

ಹೊಲಕ್ಕೆ ಇಳಿದಾಗ ಕೈ ಜಿಪಿಎಸ್ ಮತ್ತು ಫೋನಿನ ಕ್ಯೂಫೀಲ್ಡ್ ಆ್ಯಪ್ ನಡುವೆ ನಿಖರತೆಯಲ್ಲಿ ಹೇಳಿಕೊಳ್ಳುವಂಥ ಫರಕ್ಕಿಲ್ಲ, ಎರಡೂ ಕೆಲವು ಮೀಟರ್ ಆಚೀಚೆ. ಕ್ಯೂಫೀಲ್ಡ್‌ನಲ್ಲಿ ಫೋಟೋ, ಟಿಪ್ಪಣಿ, ಬಿಂದು ಒಟ್ಟಿಗೆ ಸೇರುತ್ತವೆ, ಮನೆಗೆ ಬಂದು ಮತ್ತೆ ಟೈಪ್ ಮಾಡೋ ಕೆಲಸ ಇಲ್ಲ. ಏಪ್ರಿಲ್ ಬಿಸಿಲಿಗೆ ಮಾತ್ರ ಫೋನ್ ಕಾದು ತಾನಾಗೇ ಆಫ್ ಆಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕೈ ಜಿಪಿಎಸ್ ಕೂಡ ಚೀಲದಲ್ಲಿರುತ್ತದೆ, ಜೊತೆಗೆ ಎರಡು ಸೆಲ್ಲು.